ಮೂರು ಕಣ್ಣಿನ ಅತ್ತಿಗೆ

ನನ್ನ ಮೈದುನನಿಗೆ ಮನೆಯವರ ಮಾತು ಒಂದೂ ಅರ್ಥವಾಗುವುದಿಲ್ಲ. ಅನ್ಯಗ್ರಹದವರ ಮನಸ್ಸು ಮಾತ್ರ ಅಂಗೈ ಮೇಲಿನ ನೆಲ್ಲಿಕಾಯಿ!

ಎಂಬತ್ತರ ದಶಕದ ಮಾತು. ಜಯನಗರದ ನಮ್ಮ ಮನೆಯಲ್ಲಿ ಐದಕ್ಕೆ ಏಳಬೇಕು, ಎಂಟಕ್ಕೆ ತಿಂಡಿಗೆ ಕೂರಬೇಕು, ಚಪ್ಪಲಿಗಳು ಬಾಗಿಲಲ್ಲಿ ಸಾಲಾಗಿರಬೇಕು. ಇದರಲ್ಲಿ ಕಷ್ಟವೇನಿದೆ? ಈ ಮಹಾಶಯನ ಒಂದು ಚಪ್ಪಲಿ ಮೆಟ್ಟಿಲ ಮೇಲೆ, ಇನ್ನೊಂದು ತುಳಸಿಕಟ್ಟೆಯ ಹತ್ತಿರ. ಆಫೀಸಿನಿಂದ ಬಂದವನೇ ಮಹಡಿ ಹತ್ತಿ ವಾರಪತ್ರಿಕೆಗಳಿಗೆ ವಿಜ್ಞಾನ ಕಥೆ ಬರೆಯುತ್ತಿದ್ದ. ಊಟಕ್ಕೆ ಕರೆದರೆ, "ಒಂದ್ನಿಮಿಷ ಅತ್ತಿಗೆ, ಈಗಷ್ಟೇ ಇಳೀತಿದಾರೆ" ಅನ್ನುತ್ತಿದ್ದ. ಅವರು ಇಳಿಯುವಷ್ಟರಲ್ಲಿ ನನ್ನ ಸಾರು ಆರಿರುತ್ತಿತ್ತು.

ಇಷ್ಟನ್ನು ಸಹಿಸಿದ್ದೆ. ಒಂದು ಬೆಳಿಗ್ಗೆ ಹಾಲಿನ ಬೂತಿನ ಸಾಲಿನಲ್ಲಿ ಪಕ್ಕದ ಮನೆಯಾಕೆ ಕೇಳಿದರು: "ಏನ್ರೀ, ನಿಮ್ಮ ತವರುಮನೆ ಯಾವ ಗ್ರಹ?"

ಮನೆಗೆ ಬಂದು ಆ ವಾರದ ಪತ್ರಿಕೆಯಲ್ಲಿ ಅವನ ಕಥೆ ತೆರೆದೆ. ಪುಟ್ಟೇನಹಳ್ಳಿ ಕೆರೆಯ ಬಳಿ ಒಂದು ಜೀವಿ ಇಳಿಯುತ್ತದೆ. ಸೀದಾ ಜಯನಗರಕ್ಕೆ ಬಂದು ಎಲ್ಲರನ್ನೂ ಐದಕ್ಕೆ ಎಬ್ಬಿಸುತ್ತದೆ. "ಮಫ್ಲರ್ ಸುತ್ತಿಕೋ", "ಅನ್ನ ಬಿಡಬೇಡ", "ಚಪ್ಪಲಿ ಸರಿಯಾಗಿಡು". ಇಷ್ಟೇ ಅದರ ಭಾಷೆ. ಭೂಮಿಯನ್ನು ವಶಪಡಿಸಿಕೊಳ್ಳಲು ಬಂದಿದೆಯೆಂದು ಹೆದರಿದ ಜನ ಪೊರಕೆ ಹಿಡಿದು ಅದನ್ನು ಕೆರೆಯವರೆಗೂ ಅಟ್ಟುತ್ತಾರೆ. ಮುಕ್ತಾಯ ಮುಂದಿನ ವಾರ.

"ಇದು ನಾನೇ ತಾನೇ?"

"ನೀವಲ್ಲ ಅತ್ತಿಗೆ. ಅದಕ್ಕೆ ಮೂರು ಕಣ್ಣು."

"ಮೂರನೇದು ಚಪ್ಪಲಿ ಹುಡುಕೋಕೆ ಅಂತ ನೀನೇ ಬರ್ದಿದೀಯಲ್ಲೋ."

"ಪೂರ್ತಿ ಓದಿ ಅತ್ತಿಗೆ. ಮುಂದಿನ ವಾರ..."

"ನಂಗೆ ಬೇಡ."

ಅಂದಿನಿಂದ ಅವನೊಂದಿಗೆ ಮಾತು ಬಿಟ್ಟೆ. ಎಬ್ಬಿಸಲಿಲ್ಲ, ಮಫ್ಲರ್ ನೆನಪಿಸಲಿಲ್ಲ. ಹತ್ತನೆಯ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡು ನನ್ನ ಕೈಗೆ ಬಂದವನು. ಅನ್ನ ಹಾಕಿದ್ದಕ್ಕೆ ಪೊರಕೆಯ ಮರ್ಯಾದೆಯೇ? ಮೂರು ದಿನ ಬಸ್ಸು ತಪ್ಪಿಸಿಕೊಂಡ, ನಾಲ್ಕನೆಯ ದಿನ ನೆಗಡಿ ಹಿಡಿಸಿಕೊಂಡ. ಐದನೆಯ ದಿನ ನಮ್ಮ ಯಜಮಾನರು ಅಡಿಗೆಮನೆಗೆ ಬಂದರು.

"ಕತ್ರಿಗುಪ್ಪೇಲಿ ರೂಮು ನೋಡಿದಾನೆ ಕಣೇ. ಅತ್ತಿಗೆಗೆ ನಾನು ಬೇಡವಾಗಿದೀನಿ ಅಂದ."

ನಾನು ಹುರುಳಿಕಾಯಿ ಹೆಚ್ಚುತ್ತಲೇ ಇದ್ದೆ. ತುಂಡುಗಳು ಮಾತ್ರ ಒಂದು ಉದ್ದ, ಒಂದು ಗಿಡ್ಡ. ನಮ್ಮ ಮನೆಯಲ್ಲಿ ಹಾಗಾದದ್ದೇ ಇಲ್ಲ.

ಅವನು ಹೊರಡುವ ಬೆಳಿಗ್ಗೆಯೇ ಮುಂದಿನ ಸಂಚಿಕೆ ಬಂತು. ಅಡಿಗೆಮನೆಯ ಬಾಗಿಲು ಹಾಕಿಕೊಂಡು ಓದಿದೆ. ಜೀವಿ ಹೋದ ಮೇಲೆ ಜಯನಗರದವರೆಲ್ಲ ಹೊತ್ತಾಗಿ ಎದ್ದು, ಸಿಕ್ಕಿದ್ದು ತಿಂದು, ನೆಗಡಿಯಲ್ಲಿ ನರಳುತ್ತಾರೆ. ಆಗ ಹೊಳೆಯುತ್ತದೆ: ಅದು ಹೆದರಿಸಿದ್ದಲ್ಲ, ವಿಚಾರಿಸಿಕೊಂಡದ್ದು. ಆದರೆ ವಾಪಸು ಕರೆಯುವುದು ಹೇಗೆ? ಆಕಾಶದಿಂದ ಕಾಣಲಿ ಎಂದು ಊರಿಗೆ ಊರೇ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿ ಕಾಯುತ್ತದೆ. ಅಲ್ಲಿಗೆ ಕಥೆ ಮುಗಿಯುತ್ತದೆ. ಇದನ್ನೆಲ್ಲ ತಿಂಗಳ ಹಿಂದೆಯೇ ಬರೆದು ಕಳಿಸಿದ್ದನಂತೆ!

ಹೊರಗೆ ಬಂದೆ. ಹಜಾರದಲ್ಲಿ ಟ್ರಂಕು ಸಿದ್ಧವಾಗಿತ್ತು. ಬಾಗಿಲಾಚೆ ಮೂರು ಜೊತೆ ಚಪ್ಪಲಿ, ನೂಲು ಹಿಡಿದಂತೆ ಸಾಲಾಗಿ. ಅವನದು ಕೊನೆಯಲ್ಲಿ. ಪಕ್ಕದಲ್ಲೇ ಅವನು ಗೋಡೆಗೆ ಒರಗಿ ಸೀನುತ್ತಿದ್ದ.

"ಮಫ್ಲರ್ ಎಲ್ಲೋ?"

"ಟ್ರಂಕಲ್ಲಿದೆ ಅತ್ತಿಗೆ."

"ತೆಗೆದು ಸುತ್ಕೋ. ಟ್ರಂಕು ಮಹಡಿ ಮೇಲಿಡು. ಎಂಟಾಯ್ತು, ತಿಂಡಿಗೆ ಬಾ."

ಅವತ್ತು ಒಂದು ನಿಮಿಷವೂ ಕಾಯಿಸಲಿಲ್ಲ.