ಸತ್ತ ನಕ್ಷತ್ರದ ವೇಳೆ, ಅತ್ತೆಯ ಊಟದ ವೇಳೆ

ನನ್ನ ನಾದಿನಿಗೆ ಸತ್ತ ನಕ್ಷತ್ರಗಳ ಮೇಲಿರುವ ನಂಬಿಕೆ ಬದುಕಿರುವ ನಮ್ಮ ಮೇಲಿಲ್ಲ! ಆಕೆ ರಜೆಗೆ ಬರುತ್ತಾಳೆಂಬ ಸುದ್ದಿ ಬಂದಾಗ ನಾನು ಶೇಂಗಾ ಸುಲಿಯುತ್ತಿದ್ದೆ. ಗಾಬರಿಗೆ ಕಾಳು ಸಿಪ್ಪೆಯ ಬುಟ್ಟಿಗೆ ಬಿದ್ದವು.

ಪುಣೆಯ ಆಚೆ, ಬಯಲಿನಲ್ಲಿ ನಿಂತ ರೇಡಿಯೋ ದೂರದರ್ಶಕಗಳಲ್ಲಿ ಆಕೆಯ ಕೆಲಸ. ಆಕೆ ನೋಡುವ ಪಲ್ಸಾರ್ ಎಂದರೆ ಸತ್ತ ಮೇಲೂ ಗಿರಗಿರ ತಿರುಗಿ ಮಿಡಿತ ಕಳಿಸುವ ನಕ್ಷತ್ರ. ಆ ಮಿಡಿತ ಹೇಳಿದ ವೇಳೆಗೆ ಬಂತೇ ಎಂದು ವರ್ಷಗಟ್ಟಲೆ ಕಾಯುವುದು. ಕೂದಲೆಳೆಯಷ್ಟು ತಪ್ಪಿದರೂ ನಡುವಿನ ಆಕಾಶವೇ ಅಲುಗಿರಬಹುದಂತೆ!

ಆಕೆ ಬಂದ ಮರುದಿನ ನಮ್ಮಲ್ಲಿಗೆ ಬಂದಿದ್ದ ಬೇಡಕಿಹಾಳದ ಬೀಗಿತ್ತಿ ಆಕೆಯನ್ನು ಕೇಳಿದರು: “ಎಷ್ಟ್ ವರ್ಷಾತವ್ವ ಕಾಯಾಕತ್ತು?”

“ಹದಿನೈದ್ರಿ, ಮಾವಶಿ.”

“ಇನ್ನೂ ಬಂದಿಲ್ಲೇನವು?”

“ಬರ್ತಾವ್ರಿ. ಹೊತ್ತಿಗೆ ಸರಿಯಾಗೇ ಬರ್ತಾವ.”

“ಮತ್ತ ದಿನಾ ಏನ್ ನೋಡ್ತಿ?”

ನಾಚಿಕೆಯಾಗಿ ನಾನು ಚಹಾದ ನೆಪ ಮಾಡಿ ಒಳಗೆ ಓಡಿದೆ.

ನಿಜವಾದ ನಾಚಿಕೆ ಮುಂದಿತ್ತು. ಜೈನರ ಮನೆಯ ನೇಮದಂತೆ ನಮ್ಮತ್ತೆ ಸೊಸೆಯಾಗಿ ಬಂದಂದಿನಿಂದ ಸೂರ್ಯ ಮುಳುಗಿದ ಮೇಲೆ ಹನಿ ನೀರೂ ಮುಟ್ಟಿದವರಲ್ಲ. ನಮ್ಮ ಗೋಡೆ ಗಡಿಯಾರವೋ, ಬಸ್ಸು ತಪ್ಪಬಾರದೆಂದು ಯಾವಾಗಲೂ ಕಾಲು ತಾಸು ಮುಂದೆ! ಅತ್ತೆ ಆ ಕಾಲು ತಾಸನ್ನು ಲೆಕ್ಕದಲ್ಲಿ ಕಳೆದೇ ಊಟಕ್ಕೆ ಕೂರುವವರು. ಅಂದು ಶ್ರಾವಣದ ಮೋಡ. ಸೂರ್ಯ ಕಾಣಲೇ ಇಲ್ಲ.

ನಾದಿನಿ ಬಂದು ಗಡಿಯಾರ ನೋಡಿದಳು: “ಅವ್ವಾ, ಏಳು ದಾಟೇತಿ, ಹೊತ್ತು ಮುಳುಗೇತಿ, ಇನ್ನೂ ಉಣ್ಣಾಕತ್ತಿ?”

“ಗಡಿಯಾರ ಮುಂದ ಐತಲ್ಲವ್ವಾ.”

“ಅದನ್ನ ಮುಂಜಾನೇನ ಸರಿ ಮಾಡೀನಿ!”

ಅತ್ತೆಯ ಕೈಯ ತುತ್ತು ತಾಟಿಗೆ ಬಿತ್ತು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ! ಬೀಗಿತ್ತಿಯ ಎದುರಿಗೇ ಅಂದೆ: “ಸತ್ತ ನಕ್ಷತ್ರದ ವೇಳೆ ಗೊತ್ತು, ಹಡದಾಕಿ ಉಣ್ಣೋ ವೇಳೆ ಗೊತ್ತಿಲ್ಲ!”

ಆಕೆ ಅವ್ವನ ಕೈ ತೊಳೆಯಲು ನೀರು ತಂದಿಟ್ಟಳು.

ಮರುದಿನ ಅತ್ತೆ ಪ್ರಾಯಶ್ಚಿತ್ತಕ್ಕೆ ನೀರಿಲ್ಲದ ಉಪವಾಸ ಹಿಡಿದರು. “ಇಷ್ಟ್ ವರ್ಷದ್ ನೇಮ ಹೋತಲ್ಲೇ” ಎಂದು ಕಣ್ಣೊರೆಸಿಕೊಂಡರು. ನಾದಿನಿ ಹೋಗಿ ಅವರ ಕಾಲ ಬಳಿ ಕುಳಿತಳು.

“ಹೋಗಿಲ್ಲವ್ವಾ. ನಮ್ಮಲ್ಲೂ ಒಮ್ಮೊಮ್ಮೆ ಗಡಿಯಾರ ತಪ್ಪತಾವ. ಹಂಗಂತ ಹಿಂದಿನ ವರ್ಷಗೋಳನ್ನ ಒಗ್ಯಂಗಿಲ್ಲ. ತಪ್ಪಿದ್ದು ಗಡಿಯಾರ, ನಕ್ಷತ್ರ ಅಲ್ಲ ಅಂತ ತಿಳಕೊಂಡು ಮುಂದ ನೋಡ್ತೀವಿ. ನೀ ತಪ್ಪಿಲ್ಲ.”

ಅತ್ತೆ ಆಕೆಯ ಗಲ್ಲ ಹಿಡಿದೆತ್ತಿದರು. “ಮಾರಿ ಯಾಕ ಬಾಡೇತಿ? ಉಂಡಿಲ್ಲೇನ?”

“ನಂದೂ ಉಪಾಸ.”

ಬಾಗಿಲ ಮರೆಯಲ್ಲಿ ನಿಂತ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. “ತಪ್ಪಾತವ್ವಾ” ಅನ್ನಬೇಕೆಂದು ಹೊಸ್ತಿಲವರೆಗೆ ಬಂದೆ. ಆಕೆಯೇ ತಿರುಗಿ ನೋಡಿ, “ಬರ್ರಿ ವೈನಿ, ಕುಂಡ್ರ ಬರ್ರಿ” ಎಂದಳು. ಜಿನೇಶ್ವರನ ದಯೆ ದೊಡ್ಡದು, ನನ್ನ ನಾಲಿಗೆಯಂಥದ್ದನ್ನು ಆಕೆಗೆ ಕೊಟ್ಟಿರಲಿಲ್ಲ.

ಆಕೆಯ ಪಕ್ಕ ಕೂತು, ಮೊರ ತೆಗೆದುಕೊಂಡು, ಉಪವಾಸ ಮುರಿಯುವ ನಾಳಿನ ಪಾರಣೆಗೆ ಹೆಸರುಬೇಳೆ ಆರಿಸತೊಡಗಿದೆ, ನನ್ನ ಉಪವಾಸವನ್ನೂ ಸೇರಿಸಿ ಮೂವರಿಗಾಗುವಷ್ಟು.