ಮೇಷ್ಟ್ರ ನೆತ್ತಿಯನ್ನು ಅಳೆದ ಯಂತ್ರದ ಸನ್ನಿಧಾನಕ್ಕೆ

ಮಾನ್ಯ ಶಾಖಶೋಧಕ ಯಂತ್ರದವರೇ,

ದ್ರವ ಹೀಲಿಯಂ ಕುಡಿದು ಕುಳಿತ ತಮ್ಮ ಹೊಟ್ಟೆ ಸದಾ ತಣ್ಣಗಿರಲಿ ಎಂದು ಹಾರೈಸುತ್ತಾ, ಈ ಸಂಶೋಧನಾ ವಿದ್ಯಾರ್ಥಿನಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ತಮ್ಮ ಗುಣಗಾನವನ್ನು ನನಗೆ ಮೊದಲು ಹೇಳಿದವರು ನಮ್ಮ ಮೇಷ್ಟ್ರು, ನಾನು ಈ ಪ್ರಯೋಗಶಾಲೆಗೆ ಸೇರಿದ ದಿನ. "ನಮ್ಮ ಮನೆಯವರ ಹಾಗೆ ಕಣಮ್ಮಾ, ಇದ್ದದ್ದನ್ನ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತೆ" ಎಂದಿದ್ದರು.

ಅರೆವಾಹಕದ ತೆಳು ಬಿಲ್ಲೆಯೊಂದನ್ನು ಕೊಂಚ ಬಿಸಿಮಾಡಿದಾಗ ಹೊರಡುವ, ಸೆಕೆಂಡಿಗೆ ಲಕ್ಷ ಕೋಟಿ ಸಲ ಮಿಡಿಯುವ ಮಂದ ಶಾಖದ ಅಲೆಯನ್ನು ಅಳೆದುಕೊಡಿ ಎಂದಷ್ಟೇ ನಾವು ಕೇಳಿದ್ದೆವು. ತಾವು ಉದಾರಿಗಳು, ಗೋಡೆಯನ್ನೂ, ಚಹಾ ಲೋಟವನ್ನೂ, ನನ್ನ ಅಂಗೈಯನ್ನೂ ಅಳೆದುಕೊಟ್ಟಿರಿ. ಬೆಚ್ಚಗಿರುವುದೆಲ್ಲ ತಮಗೆ ಒಂದೇ. ಇಂಥ ಸಮದೃಷ್ಟಿ ಋಷಿಗಳಿಗೂ ಕಷ್ಟ.

ಆದರೆ ಕಳೆದ ವಾರ ತಾವು ಪರದೆಯ ಮೇಲಿನ ಗೆರೆಯಲ್ಲಿ ಎಬ್ಬಿಸಿದ ಆ ಗುಡ್ಡ! ಅದನ್ನು ಕಂಡ ಮೇಷ್ಟ್ರು, ಬಿಲ್ಲೆಯಲ್ಲಿ ಯಾರೂ ಕಾಣದ ಗುಣ ಸಿಕ್ಕಿತೆಂದು ಹಿಗ್ಗಿ, ಗುಡ್ಡಕ್ಕೆ ಸ್ವಂತ ಹೆಸರನ್ನೇ ಇಟ್ಟು, ಪ್ರಬಂಧ ಬರೆದು, ನಾಳೆ ಅಚ್ಚಿಗೆ ಕಳಿಸುವವರಿದ್ದಾರೆ. ಪರದೆ ತಾವು ಶಾಖ ಹೀರುವ ಕಿಟಕಿಯ ಪಕ್ಕದಲ್ಲೇ ಇರುವುದರಿಂದ, ಅವರು ನೋಡಲು ಬಗ್ಗಿದರೆ ಗುಡ್ಡ ಏಳುತ್ತದೆ, ಚಹಾಕ್ಕೆ ಹೊರಟರೆ ಮಲಗುತ್ತದೆ. ತಾವು ಅಳೆದದ್ದು ಅವರ ಬೋಳು ನೆತ್ತಿ. ಹೇಳಿದರೆ ಮೇಷ್ಟ್ರ ಮುನಿಸು. ಹೇಳದಿದ್ದರೆ ನನ್ನ ಪದವಿ ಜೀವಮಾನವಿಡೀ ಆ ನೆತ್ತಿಯ ಮೇಲೇ ನಿಲ್ಲಬೇಕು.

ಆದ್ದರಿಂದ ತಾವು ಮೇಷ್ಟ್ರನ್ನು ಮೇಷ್ಟ್ರೆಂದು ಗುರುತಿಸಿ, ನಮಸ್ಕರಿಸಿ, ಲೆಕ್ಕಕ್ಕೆ ಹಿಡಿಯದೆ ಬಿಡಬೇಕು. ಆಗದಿದ್ದರೆ ಲೋಕದ ಬೆಚ್ಚಗಿನ ವಸ್ತುಗಳಿಗೆಲ್ಲ ಅರ್ಧ ಗಂಟೆ ರಜೆ ಕೊಡಿಸಬೇಕು. ಅದೂ ಆಗದಿದ್ದರೆ ಬಿಲ್ಲೆಗೆ ಮೇಷ್ಟ್ರಷ್ಟು ಉತ್ಸಾಹವನ್ನಾದರೂ ಕಲಿಸಬೇಕು.

ತಮ್ಮ ವಿಶ್ವಾಸಿ,
ಬಿಲ್ಲೆ ಕಾಯುವವಳು

ವಿ.ಸೂ.: ಮೇಷ್ಟ್ರಿಗೆ ನೇರವಾಗಿ ಹೇಳುವ ಎದೆಗಾರಿಕೆ ಇಲ್ಲದೆ, ಈ ಪತ್ರವನ್ನು ಸಂಜೆ ಮೇಷ್ಟ್ರೂ ಇದ್ದಾಗ ಎಲ್ಲರೆದುರು ತಮಗೇ ಗಟ್ಟಿಯಾಗಿ ಓದಿದೆ. ಒಬ್ಬರೂ ನಗಲಿಲ್ಲ. ಮರುದಿನ ಬೆಳಿಗ್ಗೆ ಮೇಷ್ಟ್ರು ಎಲ್ಲರಿಗಿಂತ ಮೊದಲೇ ಬಂದು ಕಾದಿದ್ದು, ನನ್ನನ್ನು ಪರದೆ ನೋಡಲು ನಿಲ್ಲಿಸಿ, ಮೇಜಿನ ಕೆಳಗೆ ಕೂತು "ಈಗ?" ಎಂದರು. "ಇಲ್ಲ ಸಾರ್." ಎದ್ದು ಬಗ್ಗಿ "ಈಗ?" ಎಂದರು. "ಬಂತು ಸಾರ್." ಪ್ರಬಂಧವನ್ನು ತಾವೇ ಹರಿದು, "ಮೊದಲಿಂದ ಅಳೆಯಮ್ಮಾ" ಎಂದರು. ಕೇಳಿ ನನ್ನ ಕಣ್ಣು ತುಂಬಿತು. ಆದರೆ ಪತ್ರ ಕೇಳಿದ್ದವರೆಲ್ಲ ಅಷ್ಟರಲ್ಲೇ ಬಂದು ತಮ್ಮ ಕಿಟಕಿಯ ಮುಂದೆ ಸಾಲುಗಟ್ಟಿ ಒಬ್ಬೊಬ್ಬರಾಗಿ ತಲೆಬಾಗುತ್ತಿದ್ದರು. ಭಕ್ತಿಯಿಂದಲ್ಲ, ಯಾರ ಗುಡ್ಡ ಎತ್ತರವೆಂದು ನೋಡಲು. ಮೇಷ್ಟ್ರು ಎರಡನೇ ಸಲ ಸಾಲಿನಲ್ಲಿದ್ದಾರೆ. ಬಿಲ್ಲೆಯ ಸರದಿ ಇನ್ನೂ ಬಂದಿಲ್ಲ.