ಗೇರಿನ ಪಕ್ಕದ ಗಣಪತಿ

ಗೇರು ಹಾಕುವುದು ಹಳೆಯ ಕಾಲದವರ ಕೆಲಸವೆಂದು ಶಿವಶಂಕರ್ ತೀರ್ಮಾನಿಸಿ ಹದಿನೇಳು ದಿನವಾಗಿತ್ತು. ಹೊಸ ಆಟೊಮ್ಯಾಟಿಕ್ ಕಾರು ಬಂದಂದಿನಿಂದ, ಸಿಂಧಘಟ್ಟದಲ್ಲಿ ಕ್ಲಚ್ಚು ತುಳಿಯುವವರನ್ನೆಲ್ಲ ಅವನು ಕರುಣೆಯಿಂದ ನೋಡುತ್ತಿದ್ದ.

ಆ ಬೆಳಿಗ್ಗೆ ಹೆಂಡತಿ ಪ್ರಮೀಳಾಳನ್ನು ಹಾಲಿನ ಡೈರಿಗೆ ಬಿಡಲು ಬಂದ. ಆಕೆ ಮಹಿಳಾ ಹಾಲು ಸಂಘದ ಅಧ್ಯಕ್ಷೆ. ಐದು ನಿಮಿಷದ ದಾರಿ. ಅಧ್ಯಕ್ಷೆ ನಡೆದಾಳು, ಕಾರು ಮೆರೆಯಬೇಡವೇ! ಡೈರಿಯ ಬಾಗಿಲಿಗೇ ಅಡ್ಡ ನಿಲ್ಲಿಸಿ, ಎಂಜಿನ್ ಆರಿಸಿ, ಹೆಡ್‌ಲೈಟು, ಫ್ಯಾನು, ಹಾಡು ಎಲ್ಲವನ್ನೂ ಒಂದೂವರೆ ಗಂಟೆ ಪ್ರದರ್ಶನಕ್ಕಿಟ್ಟ. ಏಳೂವರೆಗೆ ಹಾಡು ಒಮ್ಮೆ ನರಳಿ ನಿಂತಿತು. ಬ್ಯಾಟರಿ ಸತ್ತಿತ್ತು!

ಅಷ್ಟರಲ್ಲಿ ಹಾಲಿನ ವ್ಯಾನು ಬಂತು. ಡೈರಿಯೊಳಗೆ ಇಪ್ಪತ್ತೆರಡು ಕ್ಯಾನು ಹಾಲು. ಕಾರಿಗೂ ಬಾಗಿಲಿಗೂ ನಡುವೆ ಮನುಷ್ಯರು ಓರೆಯಾಗಿ ನುಸುಳಬಹುದಿತ್ತು. ತುಂಬಿದ ಕ್ಯಾನು ನುಸುಳದು.

"ಹತ್ತು ನಿಮಿಷ ಕಾಯ್ತೀನಿ ಕಣಕ್ಕ, ಆಮೇಲೆ ಒಂಟೋಯ್ತೀನಿ," ಎಂದ ಡ್ರೈವರ್ ದೇವರಾಜು. "ಮುಂದ್ಲೂರ್ನೋರು ನನ್ನ ಸಿಗ್ದಾಕ್ತಾರೆ."

ಹಾಲು ಹಾಕಲು ಬಂದಿದ್ದ ಹದಿನಾಲ್ಕು ಹೆಂಗಸರು ಸೆರಗು ಸಿಕ್ಕಿಸಿ ತಳ್ಳಿದರು. ಕಾರು ಅಲುಗಲಿಲ್ಲ. ಗೇರು 'ಪಿ'ಯಲ್ಲಿ, ಅಂದರೆ ಪಾರ್ಕಿಂಗಿನಲ್ಲಿ, ಬೀಗ ಹಾಕಿಕೊಂಡಿತ್ತು. ಶಿವಶಂಕರ್ ಕೆ.ಆರ್. ಪೇಟೆಯ ಮೆಕ್ಯಾನಿಕ್ ಮುಖ್ತಾರ್ ಅಹಮದ್‌ಗೆ ಫೋನು ಮಾಡಿದ.

"ಅರೇ ಸಾಬ್, ಬ್ಯಾಟ್ರಿ ಇಲ್ದೆನೂ ನ್ಯೂಟ್ರಲ್ ಬರ್ತದೆ. ಗೇರ್ ಪಕ್ಕ ಪುಟ್ಟ ಮುಚ್ಚಳ ಐತೆ, ಮೀಟಿ ತೆಗೀರಿ. ಬ್ರೇಕ್ ತುಳ್ದು, ಒಳಗಿನ ಬಟನ್ ಪೆನ್ನಲ್ಲಿ ಒತ್ತಿ, ಗೇರ್ ಎಳೀರಿ. ನಾನು ಬರೋದು ಎರಡು ಗಂಟೆ ಆಯ್ತದೆ."

ಶಿವಶಂಕರ್ ನೋಡಿದ. ಮುಚ್ಚಳವಿರಬೇಕಾದ ಜಾಗದಲ್ಲಿ ಗಣಪತಿ ಕೂತಿದ್ದ! ತಾನೇ ಗಟ್ಟಿ ಗಮ್ಮು ಹಾಕಿ ಪ್ರತಿಷ್ಠಾಪಿಸಿದ್ದು.

"ತೆಗೀರಿ," ಎಂದಳು ಪ್ರಮೀಳಾ.

"ನಲವತ್ತೆಂಟು ದಿನ ಕದಲಿಸ್ಬಾರ್ದು ಅಂದವ್ರೆ ಕಣೇ ಅಯ್ನೋರು!"

"ಅಯ್ನೋರು ಬಂದು ಹಸ ಕರೀತಾರಾ?"

"ಇನ್ನು ಮೂವತ್ತೊಂದೇ ದಿನ..."

"ಇನ್ನು ನಾಕೇ ನಿಮಿಷ!" ದೇವರಾಜು ಕೂಗಿದ.

ಎರಡು ಹಸು ಸಾಕಿದ ಮುದುಕಿ ಮಾಯಮ್ಮ ಕಿಟಕಿಯೊಳಗೆ ತಲೆ ತೂರಿಸಿದಳು. "ಲೋ ಮಗಾ, ನನ್ ಹಾಲು ಆ ಕ್ಯಾನೊಳಗೈತೆ. ಒಡ್ದೋದ್ರೆ ನಿನ್ ಗಣಪ ಕುಡ್ದಾನೇನ್ಲಾ?"

ಶಿವಶಂಕರ್ ಕಣ್ಣು ಮುಚ್ಚಿ ಕೈಮುಗಿದ. ಕಣ್ಣು ಬಿಡುವಷ್ಟರಲ್ಲಿ ಪ್ರಮೀಳಾ ಗಣಪತಿಯನ್ನು ಕಿತ್ತು ಅವನ ಮಡಿಲಿಗೆ ಹಾಕಿದ್ದಳು. ಗಮ್ಮಿನ ಜೊತೆ ಮುಚ್ಚಳವೂ ಎದ್ದುಬಂದಿತ್ತು!

"ಬ್ರೇಕ್ ತುಳೀರಿ!"

ತುಳಿದ. ಆಕೆಯ ಪೆನ್ನು ಇಳಿಯಿತು. ಗೇರು 'ಎನ್'ಗೆ ಜಾರಿತು. ಹೆಂಗಸರು ತಳ್ಳಿದ ಏಟಿಗೆ ಕಾರು ಹತ್ತು ಮಾರು ಹೋಗಿ ಡೈರಿಯ ಪಕ್ಕದ ಕೆರೆಯ ಇಳಿಜಾರಿಗೆ ಮೂತಿಯಿಟ್ಟಿತು. ಶಿವಶಂಕರ್ ಎರಡೂ ಕಾಲಲ್ಲಿ ಬ್ರೇಕು ತುಳಿದು ನಿಲ್ಲಿಸಿದ. ಇತ್ತ ಇಪ್ಪತ್ತೆರಡು ಕ್ಯಾನೂ ವ್ಯಾನು ಹತ್ತಿದವು.

ಈಗ ಕಾಲು ತೆಗೆದರೆ ಕೆರೆ! ಹ್ಯಾಂಡ್‌ಬ್ರೇಕೋ ಬರೀ ಸ್ವಿಚ್ಚು. ಅದಕ್ಕೂ ಬ್ಯಾಟರಿ ಬೇಕು.

"ಚಕ್ರುಕ್ಕೆ ಒಂದ್ ಕಲ್ ಕೊಡ್ಲಾ?" ಎಂದಳು ಮಾಯಮ್ಮ.

"ಕಲ್ ಕೊಡಾಕೆ ಇದೇನ್ ಎತ್ತಿನ ಗಾಡಿಯೇನಮ್ಮೋ!"

ಹೆಂಗಸರು ನಗುತ್ತ ಮನೆಗೆ ಹೋದರು. ಪ್ರಮೀಳಾ ತಂದುಕೊಟ್ಟ ರೊಟ್ಟಿಯನ್ನು ಅವನು ಕೂತಲ್ಲೇ, ಬ್ರೇಕು ಬಿಡದೆ, ಕೆರೆಯನ್ನೇ ನೋಡುತ್ತ ತಿಂದ. ಹತ್ತು ಗಂಟೆಗೆ ಮುಖ್ತಾರ್ ಬಂದ.

"ಯಾಕ್ ಸಾಬ್, ಇಳಿಯಲ್ವಾ?"

"ಕಾಲ್ ಎತ್ತಿದ್ರೆ ಕೆರೆಗೋಯ್ತದೆ ಕಣಪ್ಪ!"

ಮುಖ್ತಾರ್ ಎಡಬಾಗಿಲು ತೆಗೆದು ಗೇರನ್ನು 'ಪಿ'ಗೆ ತಳ್ಳಿದ. ಟಕ್! "ಆಚೆ ತರೋಕೆ ಮಾತ್ರ ಪೆನ್ನು ಬೇಕು ಸಾಬ್. ವಾಪಸ್ ಹಾಕೋಕೆ ಕೈ ಸಾಕು."

ಶಿವಶಂಕರ್ ಇಳಿಯಲು ನೋಡಿದ. ಮರಗಟ್ಟಿದ ಕಾಲೆರಡೂ ಅಲುಗಲಿಲ್ಲ.

ಪ್ರಮೀಳಾ ಪೆನ್ನು ತೆಗೆದಳು. "ಇವ್ರುನ್ನ ನ್ಯೂಟ್ರಲ್‌ಗೆ ತರೋಕೆ ಎಲ್ಲಿ ಒತ್ಬೇಕು ಮುಖ್ತಾರಣ್ಣ?"